ಚಿಕ್ಕಪ್ಪ ಬರೆಸಿದ ಐಟಿಐ ಅರ್ಜಿ

ಆಗಷ್ಟೇ ಯಂತ್ರದಿಂದ ಹೊರಬಂದ ಜೆರಾಕ್ಸ್ ಕಾಗದಕ್ಕೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಹೋದ ತಿಂಗಳು ಆಲೂರಿನ ಬಸ್ ನಿಲ್ದಾಣದ ಪಕ್ಕದ ಆನ್‌ಲೈನ್ ಅಂಗಡಿಯಲ್ಲಿ ಮಗಳ ಜೊತೆ ಕೂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಮುಂದಿನ ಓದಿಗೆ ಅರ್ಜಿ ಹಾಕಬೇಕಿತ್ತು. ಕಂಪ್ಯೂಟರ್ ಮುಂದಿದ್ದ ಹೆಣ್ಣುಮಗಳು ಪರದೆಯಿಂದ ಕಣ್ಣು ತೆಗೆಯದೆ, ಮೊದಲನೇ ಆಯ್ಕೆ ಏನು ಹಾಕಲಿ ಎಂದು ಕೇಳಿದಳು. ಮಗಳು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೊಣಕೈ ತನ್ನಷ್ಟಕ್ಕೆ ತಾನೇ ಎದ್ದು ಅವಳ ಪಕ್ಕೆಗೆ ತಿವಿಯಿತು. ತಿವಿದ ಮೇಲೆ ನನಗೇ ನಾಚಿಕೆಯಾಯಿತು. ಈ ತಿವಿತ ನಿಜವಾಗಿ ನನ್ನದಲ್ಲ, ನಮ್ಮ ಚಿಕ್ಕಪ್ಪನದು. ಅದು ನನ್ನ ಕೈಗೆ ಹೇಗೆ ಬಂತೆಂದು ಹೇಳದಿದ್ದರೆ ನೀವು ನನ್ನನ್ನು ಮಕ್ಕಳಿಗೆ ತಿವಿಯುವ ಮನುಷ್ಯ ಎಂದುಕೊಂಡುಬಿಡುತ್ತೀರಿ.

ತೊಂಬತ್ತರ ದಶಕದ ನಡುವೆ, ಪಾಳ್ಯದ ಹತ್ತಿರದ ನಮ್ಮೂರಿನಲ್ಲಿ, ಹತ್ತನೇ ಕ್ಲಾಸು ದಾಟಿದವರಿಗೆ ಮುಂದಿನ ದಾರಿ ಹೇಳುವ ತಜ್ಞರು ಯಾರೂ ಇರಲಿಲ್ಲ. ಅಥವಾ ಎಲ್ಲರೂ ತಜ್ಞರೇ. ಫಸ್ಟ್ ಕ್ಲಾಸ್ ಬಂದವರು ಹಾಸನದಲ್ಲಿ ಒಂದು ನೆಂಟರ ಮನೆ ಹುಡುಕಿಕೊಂಡು ಪಿಯುಸಿ ಸೈನ್ಸ್ ಸೇರಬೇಕು. ನೆಂಟರು ಸಿಗದಿದ್ದರೆ ಆರ್ಟ್ಸ್. ಹೆಣ್ಣುಮಕ್ಕಳು ಟಿಸಿಎಚ್ ಮಾಡಿ ಟೀಚರ್ ಆಗಬೇಕು. ಅಷ್ಟಕ್ಕಷ್ಟೇ ಪಾಸಾದ ಗಂಡುಮಕ್ಕಳಿಗೆ ಐಟಿಐ. ಫೇಲಾದವರು ಯಾವುದಾದರೂ ಎಸ್ಟೇಟಿನಲ್ಲಿ ರೈಟರ್ ಕೈಕೆಳಗೆ ಹಾಜರಿ ಬರೆಯಲು ಹೋಗುತ್ತಿದ್ದರು, ಮತ್ತು ನಮ್ಮೆಲ್ಲರಿಗಿಂತ ಮೊದಲು ಮೋಟರ್ ಸೈಕಲ್ ಹತ್ತುತ್ತಿದ್ದರು. ದಿನಾ ಊರಿಂದ ಓಡಾಡಿಕೊಂಡು ಸೈನ್ಸ್ ಓದಿದವರು ಮಾತ್ರ ಒಬ್ಬರೂ ಇಲ್ಲ. ಬುದ್ಧಿ ಸಾಲದೆ ಅಲ್ಲ. ಪ್ರಾಕ್ಟಿಕಲ್ ಮುಗಿಯುವ ಮುಂಚೆಯೇ ನಮ್ಮೂರ ಕಡೆಯ ಕೊನೆಯ ಬಸ್ಸು ಹೊರಟುಬಿಡುತ್ತಿತ್ತು. ನಮ್ಮ ತಲೆಮಾರಿನಲ್ಲಿ ಯಾರು ಏನು ಓದಬೇಕೆಂದು ತೀರ್ಮಾನಿಸಿದ ಮಹಾನುಭಾವ ಆ ಬಸ್ಸಿನ ಡ್ರೈವರ್. ಪಾಪ, ಅವನಿಗೆ ಅದು ಇವತ್ತಿಗೂ ಗೊತ್ತಿಲ್ಲ.

ನನಗೆ ಸೈನ್ಸೂ ಬೇಡವಾಗಿತ್ತು, ಮೇಷ್ಟ್ರಗಿರಿಯೂ ಬೇಡವಾಗಿತ್ತು. ನನಗೆ ಕರೆಂಟ್ ಬೇಕಾಗಿತ್ತು. ಜೂನ್ ಗಾಳಿಗೆ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಮಲಗಿತೆಂದರೆ ವಾರಗಟ್ಟಲೆ ಊರು ಕತ್ತಲು. ಆಮೇಲೆ ಒಂದು ದಿನ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ಕಟಿಂಗ್ ಪ್ಲೇಯರ್ ಸಿಕ್ಕಿಸಿಕೊಂಡು ಲೈನ್‌ಮನ್ ಬರುತ್ತಿದ್ದ. ಶ್ಯಾನುಭೋಗರಿಗೂ ಏಳದವರು ಅವನಿಗೆ ಎದ್ದು ನಿಲ್ಲುತ್ತಿದ್ದರು. ಅವನು ಕಂಬ ಹತ್ತುವಾಗ ಇಡೀ ಊರು ಕತ್ತೆತ್ತಿ ನೋಡುತ್ತಿತ್ತು; ಇಳಿದ ಮೇಲೆ ಯಾರದಾದರೂ ಮನೆಯಲ್ಲಿ ಕೋಳಿ ಸಾರು. ಎಲೆಕ್ಟ್ರೀಷಿಯನ್ ಟ್ರೇಡ್ ಮಾಡಿದರೆ ಲೈನ್‌ಮನ್ ಆಗಬಹುದು ಎಂದು ಯಾರೋ ಹೇಳಿದ್ದರು. ಮನೆಯ ಹಳೇ ರೇಡಿಯೋ ಬಿಚ್ಚಿ, ಎರಡು ಸಲ ಶಾಕ್ ಹೊಡೆಸಿಕೊಂಡು, ನನ್ನ ಅರ್ಹತೆಯನ್ನು ನಾನೇ ಖಚಿತ ಮಾಡಿಕೊಂಡಿದ್ದೆ. ನಂಬರೂ ಪರವಾಗಿಲ್ಲ, ಫಸ್ಟ್ ಕ್ಲಾಸಿಗೆ ಸ್ವಲ್ಪವೇ ಕಡಿಮೆ. ಆ ಬೇಸಿಗೆಯಲ್ಲಿ ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಅಪ್ಪನಿಗೆ ಪಟ್ಟಣದ ಆಫೀಸುಗಳೆಂದರೆ ಆಗದು. ಹಾಗಾಗಿ ನನ್ನ ಭವಿಷ್ಯದ ಉಸ್ತುವಾರಿ ಅವರ ತಮ್ಮ, ನಮ್ಮ ಚಿಕ್ಕಪ್ಪನ ಕೈಗೆ ಬಂತು. ಚಿಕ್ಕಪ್ಪ ಓದಿದ್ದು ಏಳನೇ ಕ್ಲಾಸು, ಆದರೆ ಎತ್ತಿನ ವ್ಯಾಪಾರದಲ್ಲಿ ಅವರನ್ನು ಮೀರಿಸಿದವರು ಸುತ್ತಲಿನ ಹತ್ತು ಊರಿನಲ್ಲಿ ಇರಲಿಲ್ಲ. ದನದ ಸಂತೆಗೆ ಹೊರಟವರು ದಾರಿಖರ್ಚಿನ ಜೊತೆಗೆ ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರ ಕ್ರಮ ಹೀಗೆ: ಬೇಕಾದ ಎತ್ತಿನ ಕಡೆ ತಿರುಗಿಯೂ ನೋಡಬಾರದು. ಅದರ ಪಕ್ಕದಲ್ಲಿ ನಿಂತ ಬಡಕಲು ಎತ್ತಿನ ಹಲ್ಲು ಹಿಡಿದು ನೋಡಬೇಕು, ಸುಳಿ ನೋಡಬೇಕು, ಹೊಗಳಬೇಕು. ಆಮೇಲೆ ಬೇಸರದಿಂದ ಹೊರಟವರಂತೆ ಹೊರಟು, ಇದ್ಯಾಕೆ ಹಿಂಗೈತೆ ಎಂದು ಬೇಕಾದದ್ದರ ಬಗ್ಗೆ ಬಾಯಿ ತಪ್ಪಿ ಕೇಳಬೇಕು. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ರೇಟು ಮಾತಾಡುವಾಗಲೂ ಮುಖ ಬೇರೆ ಕಡೆ ಇರಬೇಕು. ಒಪ್ಪದಿದ್ದರೆ ಎದ್ದು ನಡೆದುಬಿಡಬೇಕು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮಾರುವವನೇ ಕೂಗುತ್ತಾನೆ. ಚಿಕ್ಕಪ್ಪನ ಅನುಭವದಲ್ಲಿ ಹನ್ನೊಂದನೇ ಹೆಜ್ಜೆ ಎಂಬುದೇ ಇರಲಿಲ್ಲ.

ಐಟಿಐ ಅರ್ಜಿ ಬಂತು. ಅದರಲ್ಲಿ ಬೇಕಾದ ಟ್ರೇಡುಗಳನ್ನು ಒಂದರ ಕೆಳಗೊಂದು ಬರೆಯಲು ಐದು ಗೆರೆಗಳಿದ್ದವು. ನಾನು ಪೆನ್ನು ತೆಗೆದು ಮೊದಲನೇ ಗೆರೆಯಲ್ಲಿ ಎಲೆಕ್ಟ್ರೀಷಿಯನ್ ಎಂದು ಬರೆಯಹೊರಟೆ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಚಿಕ್ಕಪ್ಪ ಗಾಬರಿಯಿಂದ ನನ್ನ ಕೈ ಹಿಡಿದರು.

"ಮೊದ್ಲೇ ಆಸೆ ತೋರುಸ್ಬುಟ್ರೆ ಅವ್ರು ಆಟ ಆಡುಸ್ತಾರೆ ಕಣೋ. ಅದನ್ನ ಕಟ್ಟಕಡೇಲಿ ಬರಿ. ಬ್ಯಾಡದ್ದನ್ನ ಮೇಲ್ಗಡೆ ಹಾಕು."

ನೀವು ನಗಬೇಡಿ. ಹದಿನಾರು ವರ್ಷದ ನನಗೂ ಅದು ಬಹಳ ಸರಿ ಅನ್ನಿಸಿತು. ಪಟ್ಟಿಯಲ್ಲಿ ಅತ್ಯಂತ ಬೇಡವಾದ ಟ್ರೇಡ್ ಯಾವುದೆಂದು ಚಿಕ್ಕಪ್ಪ, ಅಪ್ಪ, ನಾನು ಮೂವರೂ ಶ್ರದ್ಧೆಯಿಂದ ಹುಡುಕಿದೆವು. ಕಟಿಂಗ್ ಅಂಡ್ ಸ್ಯೂಯಿಂಗ್, ಅಂದರೆ ಬಟ್ಟೆ ಕತ್ತರಿಸಿ ಹೊಲಿಯುವುದು. ಅದನ್ನು ಸೇರುವವರು ಹೆಣ್ಣುಮಕ್ಕಳು. ಗಂಡುಹುಡುಗ ಬರೆದರೆ ತಮಾಷೆಗೆ ಬರೆದಿದ್ದಾನೆಂದು ಯಾರಿಗಾದರೂ ತಿಳಿಯುತ್ತದೆ ಎಂದು ಚಿಕ್ಕಪ್ಪ ಹೇಳಿದರು. ದುಂಡಗಿನ ಅಕ್ಷರದಲ್ಲಿ ಅದನ್ನು ಮೊದಲು ಬರೆದೆ. ಎಲೆಕ್ಟ್ರೀಷಿಯನ್ ಐದನೆಯದಾಯಿತು. ಅದನ್ನು ಬೇಕೆಂದೇ ಸ್ವಲ್ಪ ಸೊಟ್ಟಗೆ ಬರೆದೆ.

ಆಯ್ಕೆಯ ದಿನ ಹಾಸನದ ಐಟಿಐಯಲ್ಲಿ ಮೇಜಿನ ಹಿಂದೆ ಕನ್ನಡಕದ ಅಧಿಕಾರಿಯೊಬ್ಬರು ಕೂತಿದ್ದರು. ಒಳ್ಳೆಯ ಮನುಷ್ಯ. ನನ್ನ ಅಂಕಪಟ್ಟಿ ನೋಡಿದರು, ಅರ್ಜಿ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಈ ನಂಬರಿಗೆ ಎಲೆಕ್ಟ್ರೀಷಿಯನ್ನೇ ಸಿಗುತ್ತದೆ, ಒಂದು ಸೀಟು ಉಳಿದಿದೆ, ಹೊಲಿಗೆಯನ್ನು ಯಾಕೆ ಮೊದಲು ಬರೆದಿದ್ದೀಯ ಎಂದು ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, ಇವತ್ತಿಗೂ ನನ್ನ ಕಿವಿಯಲ್ಲಿರುವ ಆ ಮಾತು ಹೇಳಿದರು.

"ನಿಂಗೆ ನಿಜವಾಗಿ ಯಾವ್ದು ಬೇಕು, ಹೇಳಪ್ಪ. ಅದನ್ನೇ ಕೊಡ್ತೀನಿ."

ಎಲೆಕ್ಟ್ರೀಷಿಯನ್ ಎಂಬ ಶಬ್ದ ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು. ಅಷ್ಟರಲ್ಲಿ ಪಕ್ಕೆಗೆ ಚಿಕ್ಕಪ್ಪನ ಮೊಣಕೈ. ಸಂತೆಯ ಪಾಠ ಅದು: ಮಾರುವವನು ಮೆತ್ತಗಾದಾಗಲೇ ನಾವು ಗಟ್ಟಿಯಾಗಬೇಕು. ನಾನು ಎಲ್ಲೋ ನೋಡುತ್ತಾ, ಯಾವುದಾದರೂ ಆಯಿತು ಸಾರ್ ಎಂದೆ. ಚಿಕ್ಕಪ್ಪ ಅದಕ್ಕೆ ಮೇಲೊಗರ ಸೇರಿಸಿದರು: ನಮಗೇನೂ ಅಂಥ ಜರೂರು ಇಲ್ಲ, ಮನೆಯಲ್ಲಿ ಗದ್ದೆ ಇದೆ, ಕಾಫಿ ಗಿಡ ಇದೆ, ಹುಡುಗ ಸುಮ್ಮನೆ ನೋಡಿಕೊಂಡು ಹೋಗಲು ಬಂದಿದ್ದಾನೆ ಅಷ್ಟೇ. ಹಾಗೆ ಹೇಳಿ ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ನಾನು ಹಿಂದೆ.

"ಕೂಗ್ತಾರೆ. ತಿರುಗ್ ನೋಡ್ಬ್ಯಾಡ," ಎಂದು ತುಟಿ ಅಲ್ಲಾಡಿಸದೆ ಹೇಳಿದರು.

ನಾವು ನಡೆದೆವು. ಬಾಗಿಲು ದಾಟಿದೆವು. ವರಾಂಡ ಮುಗಿಯಿತು. ನಾನು ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತಿದ್ದೆ, ಹತ್ತಾಯಿತು, ಇಪ್ಪತ್ತಾಯಿತು. ಮೆಟ್ಟಿಲ ಹತ್ತಿರ ಚಿಕ್ಕಪ್ಪ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಬಹಳ ಹೊತ್ತು ಹಾಗೇ ಇದ್ದರು. ಅಂತೂ ಒಳಗಿನಿಂದ ಕೂಗಿದರು. ನಮ್ಮನ್ನಲ್ಲ, ಪಟ್ಟಿಯಲ್ಲಿ ನನ್ನ ನಂತರದ ಹೆಸರನ್ನು. ಬೇಲೂರು ಕಡೆಯ ಒಬ್ಬ ಸಪೂರ ಹುಡುಗ ಓಡಿಹೋದ. ಅವನಿಗೆ ವ್ಯಾಪಾರ ಏನೇನೂ ಗೊತ್ತಿರಲಿಲ್ಲ. ಎಲೆಕ್ಟ್ರೀಷಿಯನ್ ಬೇಕು ಸಾರ್ ಎಂದು ಬಾಗಿಲಲ್ಲೇ ಹೇಳಿದ್ದು ನಮಗೆ ಹೊರಗೆ ಕೇಳಿಸಿತು. ನಾವು ವಾಪಸು ಹೋಗಿ ನಿಂತಾಗ ಅಧಿಕಾರಿ ಬೇಜಾರಿನಿಂದಲೇ, ಆ ಸೀಟು ಈಗ ಬರೆದಾಯಿತಲ್ಲಪ್ಪ, ಹೊಲಿಗೆಯೊಂದು ಇದೆ, ಬೇಡವೆಂದರೆ ಒಂದು ವರ್ಷ ಸುಮ್ಮನೆ ಹೋಗುತ್ತದೆ ಎಂದರು.

ಬಸ್ಸಿನಲ್ಲಿ ನಾನು ಕಿಟಕಿ ಕಡೆ ಮುಖ ಮಾಡಿ ಅತ್ತೆ. ಆಲೂರು ಬರುವವರೆಗೂ ಅತ್ತೆ. ಚಿಕ್ಕಪ್ಪ ನೋಡಿಯೂ ನೋಡದವರಂತೆ ಟವೆಲ್ಲಿನ ಅಂಚು ಮಡಿಸುತ್ತಾ ಕೂತಿದ್ದರು. ಇಳಿಯುವಾಗ ಒಂದೇ ಮಾತು, ಆ ಆಫೀಸಿನವರಿಗೆ ವ್ಯಾಪಾರ ಗೊತ್ತಿಲ್ಲ ಎಂದರು.

ಹೊಲಿಗೆ ಕ್ಲಾಸಿನಲ್ಲಿ ಹದಿನೈದು ಹೆಣ್ಣುಮಕ್ಕಳು ಮತ್ತು ನಾನು. ಮೊದಲ ದಿನವೇ ಅವರೆಲ್ಲ ನನ್ನನ್ನು ಅಣ್ಣಯ್ಯ ಎಂದು ಕರೆದು, ಆ ಕಡೆಯ ದಾರಿಯನ್ನೂ ಮುಚ್ಚಿಬಿಟ್ಟರು. ದಾರವಿಲ್ಲದ ಸೂಜಿಯಲ್ಲಿ, ಗೆರೆ ಹಾಕಿದ ಕಾಗದದ ಮೇಲೆ ಮೆಷಿನ್ ಓಡಿಸುವುದು ಮೊದಲ ಪಾಠ. ಗೆರೆ ಒಂದು ಕಡೆ, ನನ್ನ ಸೂಜಿ ಒಂದು ಕಡೆ. ಗುಂಡಿ ತೂರಿಸುವ ಕಾಜಾ ಹೊಲಿಯಲು ಕಲಿಯುವಾಗ ಬೆರಳಿನಲ್ಲಿ ರಕ್ತ. ತೋಳು ಕೂರಿಸುವ ಪಾಠವಂತೂ ಕೇಳಬೇಡಿ. ದುಂಡಗೆ ಕತ್ತರಿಸಿದ ತೋಳನ್ನು ಸಣ್ಣ ಕಂಡಿಯೊಳಗೆ ನೆರಿಗೆ ಬೀಳದಂತೆ ಕೂರಿಸಬೇಕು. ಎಂಟು ಸಲ ಬಿಚ್ಚಿ ಒಂಬತ್ತನೆಯ ಸಲ ಹೊಲಿದೆ. ಅದು ಭುಜದ ಮೇಲೆ ಸರಿಯಾಗಿ ಕೂತಿದ್ದನ್ನು ನೋಡಿ ಮೇಡಂ ಎಲ್ಲರನ್ನೂ ಕರೆದು ತೋರಿಸಿದರು. ಶನಿವಾರ ಊರಿಗೆ ಬಂದು, ನರಕದಲ್ಲಿ ಇದ್ದೇನೆ ಎಂದು ಮನೆಯಲ್ಲಿ ಹೇಳಿದೆ.

ಆಮೇಲೆ ಹಾಸನದಲ್ಲಿ ಒಬ್ಬರ ಹತ್ತಿರ ಕೆಲಸ ಮಾಡಿ, ಎರಡು ಸಾವಿರದ ಇಸವಿ ಕಳೆದ ಮೇಲೆ ಆಲೂರಿನಲ್ಲಿ ಸ್ವಂತ ಅಂಗಡಿ ಇಟ್ಟೆ. ಅಂಗಡಿಯ ಜೊತೆಗೆ ಈ ಕಥೆಯನ್ನೂ ಇಟ್ಟುಕೊಂಡೆ. ಮದುವೆ ಮನೆಯಿರಲಿ, ತಿಥಿ ಮನೆಯಿರಲಿ, ಪಂಕ್ತಿಯಲ್ಲಿ ಕೂತಾಗ ಯಾರಾದರೂ ಕೇಳುವುದೇ ತಡ, ಕರೆಂಟು ಹಿಡಿಯಬೇಕಾದ ಕೈಗೆ ನಮ್ಮ ಚಿಕ್ಕಪ್ಪ ಸೂಜಿ ಕೊಟ್ಟುಬಿಟ್ಟರು ಎಂದು ಶುರುಮಾಡುತ್ತಿದ್ದೆ. ಹೆಜ್ಜೆ ಎಣಿಸುವ ಭಾಗಕ್ಕೆ ಬಂದಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚಿಕ್ಕಪ್ಪನೂ ಎಲೆಯ ಕಡೆ ನೋಡಿಕೊಂಡು ಒಂಚೂರು ನಗುತ್ತಿದ್ದರು. ಅವರು ಆ ವರ್ಷದಿಂದ ಯಾರ ಮಕ್ಕಳ ಅರ್ಜಿಗೂ ಕೈ ಹಾಕಲಿಲ್ಲ. ನನ್ನ ಅಂಗಡಿಗೂ ಬರಲಿಲ್ಲ. ಊರವರೆಲ್ಲ ನನ್ನ ಹತ್ತಿರ ಹೊಲಿಸಿಕೊಂಡರೆ, ಚಿಕ್ಕಪ್ಪ ಹಾಸನದ ರೆಡಿಮೇಡ್ ಅಂಗಿ ಹಾಕಿಕೊಂಡು ಓಡಾಡುತ್ತಿದ್ದರು. ಭುಜ ಇಳಿದು, ತೋಳು ಬೆರಳ ತುದಿಗೆ ಬಂದು, ಗದ್ದೆಯ ಬೆದರುಬೊಂಬೆಯೂ ಒಲ್ಲೆ ಎನ್ನುವಂಥ ಅಂಗಿಗಳು. ಅವರಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಎಂದು ನಾನು ಅದನ್ನೂ ಕಥೆಗೆ ಸೇರಿಸಿಕೊಂಡೆ.

ಈಗ ಮತ್ತೆ ಆ ಆನ್‌ಲೈನ್ ಅಂಗಡಿ. ನನ್ನ ಮೊಣಕೈಯನ್ನು ಮಗಳು ಮೆಲ್ಲಗೆ ಆಚೆ ಸರಿಸಿದಳು. ಬಟ್ಟೆ ವಿನ್ಯಾಸದ ಡಿಪ್ಲೊಮಾ ಇದೆಯಲ್ಲ, ಅದನ್ನೇ ಮೊದಲು ಹಾಕಿ ಅಕ್ಕ ಎಂದಳು. ನನಗೆ ತಲೆ ಕೆಟ್ಟಿತು. ಜಗತ್ತಿನಲ್ಲಿ ಇಷ್ಟೊಂದು ಓದು ಇರುವಾಗ ನಿನಗೂ ಈ ಸೂಜಿಯ ಗ್ರಹಚಾರವೇ ಬೇಕಾ, ನಾನು ಇದರಲ್ಲಿ ಒದ್ದಾಡಿದ್ದು ನೋಡಿಲ್ಲವಾ ಎಂದು ಗದರಿದೆ.

"ನೋಡಿದೀನಲ್ಲಪ್ಪ," ಎಂದಳು. "ಊಟಕ್ಕೆ ಮೂರು ಸಲ ಕರೆದ್ರೂ ಮೆಷಿನ್ ಬಿಟ್ಟು ಏಳಲ್ಲ ನೀನು. ಹೊಲಿದ ಅಂಗಿನ ನೇತುಹಾಕಿ ದೂರ ನಿಂತು ನೋಡ್ತೀಯ. ಇಷ್ಟ ಇಲ್ದಿರೋರು ಹಂಗೆ ನೋಡ್ತಾರಾ?"

ನಿಜ ಹೇಳಿಬಿಡುತ್ತೇನೆ, ಇಷ್ಟು ಹೊತ್ತು ನಿಮಗೂ ಹೇಳಿರಲಿಲ್ಲ: ಆ ಒಂಬತ್ತನೆಯ ತೋಳು ಭುಜದ ಮೇಲೆ ಕೂತ ಮಧ್ಯಾಹ್ನದಿಂದಲೇ ನನಗೆ ಈ ಕೆಲಸ ಇಷ್ಟ. ಬಹಳ ಇಷ್ಟ. ಈಗ ಯಾರಾದರೂ ಕರೆದು ಕಂಬ ಹತ್ತು ಎಂದರೆ ಹತ್ತುವುದಿಲ್ಲ. ಆದರೂ ಅಷ್ಟು ವರ್ಷ ಊರೂರಿನ ಪಂಕ್ತಿಗಳಲ್ಲಿ ಕೂತು, ಎದುರಿಗಿದ್ದ ಒಬ್ಬ ಮನುಷ್ಯನನ್ನು ನನ್ನ ಬಾಳು ಕೆಡಿಸಿದವನೆಂದು ನಗೆಪಾಟಲು ಮಾಡಿದ್ದೆ.

ಮಗಳು ಕೇಳಿದ್ದನ್ನೇ ಮೊದಲು ಹಾಕಿಸಿ, ಅವಳನ್ನು ಮನೆಗೆ ಕಳಿಸಿ, ಪಾಳ್ಯದ ಬಸ್ಸು ಹತ್ತಿದೆ. ಚಿಕ್ಕಪ್ಪ ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತಿದ್ದರು. ಪೀಠಿಕೆ ಹಾಕಲು ನನಗೆ ಬರಲಿಲ್ಲ. ನಿಂತಲ್ಲೇ ಹೇಳಿದೆ, ಹೊಲಿಗೆ ನನಗೆ ಇಷ್ಟ, ಸೇರಿ ಮೂರು ತಿಂಗಳಾದಾಗಿನಿಂದಲೂ ಇಷ್ಟ, ಸುಮ್ಮನೆ ಬೈದುಕೊಂಡು ತಿರುಗಿದೆ, ತಪ್ಪಾಯಿತು ಎಂದು. ಅವರ ಕೈ ನಿಂತಿತು. ಹೊಸೆದ ಹಗ್ಗ ಸ್ವಲ್ಪ ಬಿಚ್ಚಿಕೊಂಡಿತು.

"ಈಗ್ ಹೇಳ್ತಿದ್ದೀಯಲ್ಲೋ ಮಾರಾಯ," ಎಂದರು ಕೊನೆಗೆ. "ನಿನ್ ಅಂಗಡಿ ಮುಂದೆ ಹಾದ್ ಹೋಗಕ್ಕೆ ಮುಖ ಇಲ್ದೆ, ಇಷ್ಟ್ ವರ್ಷ ಹಿಂದಿನ್ ಬೀದಿ ಸುತ್ಕೊಂಡು ಬಸ್ಸಿಗೆ ಹೋಗಿವ್ನಿ ಕಣೋ ನಾನು."

ನನಗೆ ಅಳು ಬಂತು. ಈ ಸಲ ಮುಖ ತಿರುಗಿಸಲು ಕಿಟಕಿಯೂ ಇರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಚಿಕ್ಕಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ಕಂಕುಳಲ್ಲಿ ಒಂದು ಬಿಳಿ ಬಟ್ಟೆಯ ತುಂಡು. ಒಳಗೆ ಬಂದು, ಅಂಗಿ ಬಿಚ್ಚಿ, ಎರಡೂ ಕೈ ಅಗಲಿಸಿ ನಿಂತರು. ನಾನು ಟೇಪು ಹಿಡಿದು ಭುಜದ ಅಳತೆ ತೆಗೆದೆ. ಚಿಕ್ಕಪ್ಪ ಪಕ್ಕದ ಬಟ್ಟೆಯ ರಾಶಿ ಮುಟ್ಟಿ ನೋಡಲಿಲ್ಲ, ಬೇರೆಯವರ ಅಂಗಿ ಹೊಗಳಲಿಲ್ಲ, ಗೋಡೆ ನೋಡುತ್ತಾ ಮಾತಾಡಲಿಲ್ಲ. ನನ್ನ ಮುಖವನ್ನೇ ನೋಡಿಕೊಂಡು, ಜೇಬು ಎರಡಿರಲಿ, ಒಳಗೊಂದಿರಲಿ, ಕಾಲರ್ ಸ್ವಲ್ಪ ಅಗಲವಾಗಿರಲಿ ಎಂದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು:

"ಚೆನ್ನಾಗ್ ಹೊಲಿ. ಬಾಳ ಆಸೆ ಐತೆ ನಂಗೆ."