ಅನುಸೂಯಾ ಟೀಚರ್ ಬರೆದ ಹರಿಗೋಲು

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಕ್ಷಮಿಸಬೇಕು. ಊರಿನ ಒಬ್ಬರ ಬಗ್ಗೆ ಬರೆದುಕೊಡಿ ಎಂದು ಗ್ರಂಥಾಲಯದವರು ಕೇಳಿದ್ದಾರೆ. ನಾನು ಮಕ್ಕಳ ಪುಸ್ತಕ ಬರೆಯುವ ಅನುಸೂಯಾ ಟೀಚರ್ ಬಗ್ಗೆ ಬರೆಯುತ್ತಿದ್ದೇನೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವರು ಸಂಡೂರಿನವರು. ತಾಯಿ ಗಣಿಯಲ್ಲಿ ಅದಿರು ಒಡೆಯುವ ಕೂಲಿ ಮಾಡುತ್ತಿದ್ದರಂತೆ. ಟೀಚರ್ ಹದಿನೆಂಟು ವರ್ಷದಿಂದ ನಮ್ಮ ಕಮಲಾಪುರದ ಅಂಗನವಾಡಿಯಲ್ಲಿದ್ದಾರೆ. ಐದು ಪುಸ್ತಕ ಬಂದಿವೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಕಥೆ ಬರೆದು, ಮಕ್ಕಳು ಊಟಕ್ಕೆ ಕೂತಾಗ ಓದುತ್ತಾರೆ. ಕೇಳುತ್ತಾ ಮಕ್ಕಳ ಕೈ ತಟ್ಟೆಯಲ್ಲೇ ನಿಂತರೆ ಆ ಸಾಲು ಉಳಿಯುತ್ತದೆ. ಕೈ ಬಾಯಿಗೆ ಹೋದರೆ ಅಲ್ಲೇ ಗೀಟು. ಒಂದು ದಿನ ನಾನು ಅಕ್ಕನ ಮಗನನ್ನು ಕರೆತರಲು ಹೋದಾಗ ಟೀಚರ್ ಇಡೀ ಹಾಳೆಗೆ ಗೀಟು ಹಾಕಿ ನಗುತ್ತಿದ್ದರು.

"ಇವತ್ತು ಸಾರು ಗೆದ್ದೈತಿ ನೋಡವ್ವ, ನಾ ಸೋತೆ."

ನಾನೂ ಕಥೆ ಬರೆಯುತ್ತೇನೆ. ಒಂದು ಸಾಲು ಹೊಡೆದುಹಾಕಲು ನನಗೆ ಎರಡು ದಿನ ಬೇಕು. ಅವರಿಗೆ ನಗು ಬರುತ್ತದೆ.

ಹೊಟ್ಟೆಕಿಚ್ಚು ಹೆಚ್ಚಾದದ್ದು ಅಪ್ಪನಿಂದ. ಅಪ್ಪ ಹುಲಿಗೇಶ್ ಹಂಪಿಯ ನದಿಯಲ್ಲಿ ಹರಿಗೋಲು ಹಾಕುತ್ತಾನೆ. ನನಗೆ ಒಂದು ದಿನವೂ ಕಥೆ ಹೇಳಿದವನಲ್ಲ. ಕಳೆದ ಬೇಸಿಗೆಯಲ್ಲಿ ಟೀಚರ್ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಕೇಳಿದರು, "ನಡುನೀರಾಗ ಅಂಜಿಕಿ ಬರಂಗಿಲ್ಲೇನ್ರಿ ಹುಲಿಗೇಶಣ್ಣ?"

"ಬರ್ತೈತ್ರಿ. ಆದ್ರ ನಾ ಅಂಜಿದ್ದು ಗೊತ್ತಾದ್ರ ಹತ್ತಿದವ್ರು ಇಳೀತೀವಿ ಅಂತಾರ. ಅಲ್ಲಿ ಎಲ್ಲಿ ಇಳಿಸ್ಲಿ?"

ಇಬ್ಬರೂ ನಕ್ಕರು. ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಆ ಪ್ರಶ್ನೆ ಕೇಳಿರಲಿಲ್ಲ.

ಆ ಮಾತುಗಳೆಲ್ಲ ಈಗ ಆರನೇ ಪುಸ್ತಕವಾಗುತ್ತಿವೆ. ಕಥೆಯಲ್ಲಿ ಒಬ್ಬ ಹುಡುಗಿ ಒಬ್ಬಳೇ ಹರಿಗೋಲು ಹಾಕಿಕೊಂಡು ನದಿ ದಾಟುತ್ತಾಳೆ. ಮೊನ್ನೆ ಟೀಚರ್ ಹಾಳೆಗಳನ್ನು ನನ್ನ ಕೈಗೇ ಕೊಟ್ಟರು.

"ನೀ ನೀರಾಗ ಬೆಳದಾಕಿ. ತಪ್ಪಿದ್ರ ಹೇಳವ್ವ, ಸೋಮವಾರ ಹೊಸಪೇಟಿ ಪ್ರೆಸ್‌ನಾಗ ಅಚ್ಚಿಗೆ ಹೊಕ್ಕೈತಿ."

ತಪ್ಪು ಮೂರನೇ ಪುಟದಲ್ಲೇ ಇತ್ತು. ಹುಡುಗಿ ಹಿಂದಿನ ಅಂಚಿನಲ್ಲಿ ಕೂತು ನೀರನ್ನು ಹಿಂದಕ್ಕೆ ತಳ್ಳುತ್ತಾಳೆ. ಚಿತ್ರವೂ ಹಾಗೇ ಇದೆ. ದುಂಡಗಿನ ಹರಿಗೋಲಿನಲ್ಲಿ ಹಾಗೆ ಮಾಡಿದರೆ ಅದು ಗರಗರ ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಮುಂದಿನ ಅಂಚಿನಲ್ಲಿ ಕೂತು, ಹುಟ್ಟನ್ನು ಎದುರಿಗೆ ಹಾಕಿ, ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಅಪ್ಪ ಹೇಳಿಲ್ಲ, ಅವನಿಗೆ ಅದು ಹೇಳುವಂಥ ಮಾತೇ ಅಲ್ಲ. ಟೀಚರ್ ಕೇಳಿಲ್ಲ.

"ಛಲೋ ಐತ್ರಿ ಟೀಚರ್" ಎಂದು ಹಾಳೆ ವಾಪಸ್ ಕೊಟ್ಟೆ.

ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹರಿಗೋಲು ನಿಲ್ಲುವ ಘಾಟಿನ ಮಕ್ಕಳು ಪುಸ್ತಕ ನೋಡಿ ನಗುವುದನ್ನು ಎರಡು ದಿನ ಕಣ್ಣ ಮುಂದೆ ತಂದುಕೊಂಡೆ.

ಇವತ್ತು ಅಪ್ಪನಿಗೆ ಬುತ್ತಿ ಒಯ್ದೆ. ಹರಿಗೋಲಿಗೆ ಡಾಂಬರು ಬಳಿಯುತ್ತಾ ಜೊತೆಯವನಾದ ಕೆಂಚಣ್ಣನಿಗೆ ಹೇಳುತ್ತಿದ್ದ, "ಪುಸ್ತಕದಾಗ ಇರೋದೆಲ್ಲ ನಾ ಹೇಳಿದ್ದಲೇ, ಒಂದೊಂದು ಮಾತೂ."

"ನಿನ್ನ ಮಾತು ಓದಾಕ ರೊಕ್ಕ ಬ್ಯಾರೆ ಕೊಡಬೇಕೇನಲೇ?" ಎಂದ ಕೆಂಚಣ್ಣ.

ಅಪ್ಪ ನಕ್ಕ. ಅವನಿಗೆ ಓದಲು ಬರುವುದಿಲ್ಲ. ಆ ಚಿತ್ರ ನೋಡಿ ಘಾಟಿನವರು ನಗುವುದು ಟೀಚರನ್ನು ಕಂಡಲ್ಲ, ಇವನನ್ನು ಕಂಡು. ಮೂವತ್ತು ವರ್ಷ ಹುಟ್ಟು ಹಾಕಿದವನು ಕೂರುವ ಜಾಗವನ್ನೇ ತಪ್ಪು ಹೇಳಿದನಂತೆ ಎನ್ನುತ್ತಾರೆ.

ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ನಾಳೆ ಭಾನುವಾರ. ಬೆಳಿಗ್ಗೆ ಟೀಚರ್ ಮನೆಗೆ ಹೋಗಿ, ಮೂರನೇ ಪುಟ ತಪ್ಪಿದೆ, ನನಗೆ ಮೊನ್ನೆಯೇ ಗೊತ್ತಿತ್ತು ಎಂದು ಹೇಳುತ್ತೇನೆ.