ಜಗಲಿಯ ಹನುಮಂತಯ್ಯನವರ ಹೆಸರು

1979ರಲ್ಲಿ ನಾನು ತುಮಕೂರಿನ ಚರ್ಚೊಂದರಲ್ಲಿ ಸಭಾಪಾಲಕನಾಗಿದ್ದೆ. ಬಟವಾಡಿಯಲ್ಲಿ ಬಾಡಿಗೆ ಮನೆ. ತಿಂಗಳಿಗೆ ಎರಡು ಭಾನುವಾರ ಬಸ್ಸು ಹತ್ತಿ ಗುಬ್ಬಿಯ ಚಿಕ್ಕ ಸಭೆಗೆ ಹೋಗಿ ಆರಾಧನೆ ನಡೆಸುವುದೂ ನನ್ನ ಪಾಲಿಗೆ ಬಂದಿತ್ತು. ಹದಿನೇಳು ಕುಟುಂಬ, ಒಂದು ಹೆಂಚಿನ ಚರ್ಚು, ಅದಕ್ಕೊಂದು ಜಗಲಿ. ಆ ಜಗಲಿಯ ಮೇಲೆ ಕಿಟಕಿ ಪಕ್ಕ ಕೂರುತ್ತಿದ್ದವರು ಹನುಮಂತಯ್ಯ.

ಹನುಮಂತಯ್ಯ ಕ್ರೈಸ್ತರಲ್ಲ. ಅವರ ಹೆಂಡತಿ ಕರುಣಮ್ಮ ನಮ್ಮ ಸಭೆಯವರು, ನರ್ಸ್ ಆಗಿದ್ದರು. ಇವರು ಪಂಪು ರಿಪೇರಿ ಮಾಡುವ ಫಿಟ್ಟರ್. ಹೆಂಡತಿಯನ್ನು ಸೈಕಲ್ಲಿನಲ್ಲಿ ಕರೆತಂದು ಒಳಗೆ ಕಳಿಸಿ, ತಾವು ಹೊರಗೇ ಕೂತು ಪ್ರಸಂಗ ಪೂರ್ತಿ ಕೇಳುತ್ತಿದ್ದರು. ಹಾಡುಗಳಿಗೆ ಕಿಟಕಿಯಿಂದಲೇ ದನಿ ಸೇರಿಸುತ್ತಿದ್ದರು. ಶ್ರುತಿಯಲ್ಲಿ ಒಳಗಿನವರಿಗಿಂತ ಅವರೇ ಮೇಲು. ನನ್ನ ಪ್ರಸಂಗ ಹಿಗ್ಗಿದರೆ ಕೈಗಡಿಯಾರ ಎತ್ತಿ ತೋರಿಸುವರು. ಇಲ್ಲದಿದ್ದರೆ ನನಗೆ ವಾಪಸ್ ಬಸ್ಸು ಎಷ್ಟೋ ಸಲ ತಪ್ಪುತ್ತಿತ್ತು. ಒಳಗೆ ಬನ್ನಿ ಎಂದು ಕರೆದರೆ ಒಂದೇ ಉತ್ತರ: "ನಮ್ಮವ್ವ ಸಾಯೋವಾಗ ಮಾತು ಕೊಟ್ಟಿದೀನಿ ಅಯ್ಯನೋರೇ, ಮನೆ ದೇವ್ರನ್ನ ಬುಡಲ್ಲ ಅಂತ. ಇಲ್ಲೇ ಚೆನ್ನಾಗ್ ಕೇಳ್ತದೆ." ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿಯಿತ್ತು.

ಆ ಸೆಪ್ಟೆಂಬರ್‌ನಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಅಣ್ಣತಮ್ಮಂದಿರು ಕುಣಿಗಲ್ ಕಡೆಯ ತಮ್ಮೂರಿಗೆ ಒಯ್ದು, ತಮ್ಮ ಪದ್ಧತಿಯಂತೆ ಹೊಲದಲ್ಲಿ ಮಣ್ಣು ಮಾಡಿದರು. ನಾನೂ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ.

ನವೆಂಬರ್ ಮೊದಲ ಭಾನುವಾರ ನಮ್ಮಲ್ಲಿ ಮೃತರ ಸ್ಮರಣೆ. ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಓದುತ್ತೇವೆ. ಹೆಸರು ಬಂದಾಗ ಆ ಮನೆಯವರು ಎದ್ದು ನಿಲ್ಲುತ್ತಾರೆ. ಆದರೆ ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದವರ ಹೆಸರು ಮಾತ್ರ. ಅಕ್ಟೋಬರ್‌ನಲ್ಲಿ ಕರುಣಮ್ಮ ಬಂದು, ಗಂಡನ ಹೆಸರನ್ನೂ ಓದಬೇಕೆಂದು ಕೇಳಿದರು. ನಾನು ಪಾಠ ಒಪ್ಪಿಸಿದೆ: "ಅವರಿಗೆ ದೀಕ್ಷಾಸ್ನಾನ ಆಗಿರಲಿಲ್ಲವಲ್ಲಮ್ಮ. ಸಭೆಯ ಹೊರಗೆ ರಕ್ಷಣೆ ಇಲ್ಲ ಅಂತಲ್ಲವೇ ನಮ್ಮ ಬೋಧನೆ?"

"ಹಂಗಾದ್ರೆ ಅವರು ಎಲ್ಲವ್ರೆ ಅಂತ ಹೇಳ್ಬುಡಿ ಅಯ್ಯನೋರೇ. ನಾನೂ ಅಲ್ಲಿಗೇ ಹೋಗ್ತೀನಿ" ಎಂದು ಆಕೆ ಎದ್ದು ಹೋದರು. ಮುಂದಿನ ಆರಾಧನೆಗೆ ಬರಲಿಲ್ಲ.

ನನಗೆ ನಾಚಿಕೆಯಾಯಿತು. ಸೆಮಿನರಿಯ ಕಾಲದ ಆದಿ ಸಭೆಯ ಚರಿತ್ರೆಯ ಪುಸ್ತಕಗಳನ್ನು ಧೂಳು ಕೊಡವಿ ತೆಗೆದೆ. ನಾನು ಆಣಿಮುತ್ತಿನಂತೆ ಉದುರಿಸಿದ್ದ ವಾಕ್ಯ ಮೂರನೇ ಶತಮಾನದ ಒಬ್ಬ ಬಿಷಪ್ಪರದು. ಅದು ಹುಟ್ಟಿದ್ದು ಸಭೆ ಒಡೆದು ಬೇರೆ ಪಂಗಡ ಕಟ್ಟಿಕೊಂಡ ಕ್ರೈಸ್ತರೊಂದಿಗಿನ ಜಗಳದಲ್ಲಿ. ಹೆಂಡತಿಯನ್ನು ಚರ್ಚಿಗೆ ಕರೆತರುವ ಗಂಡನ ವಿಚಾರದಲ್ಲಲ್ಲ. ಅದಕ್ಕೂ ನೂರು ವರ್ಷ ಮೊದಲು, ನಂಬಿಕೆಗಾಗಿ ಪ್ರಾಣ ಕೊಟ್ಟ ಒಬ್ಬ ಬೋಧಕ, ಕ್ರಿಸ್ತನಿಗಿಂತ ಮೊದಲೇ ವಿವೇಕದಿಂದ ಬಾಳಿದವರನ್ನೂ ಕ್ರಿಸ್ತನವರೆಂದೇ ಎಣಿಸಿದ್ದ. ಇನ್ನು ಮತ್ತಾಯನ ಸುವಾರ್ತೆಯ ಇಪ್ಪತ್ತೈದನೇ ಅಧ್ಯಾಯ. ಹಸಿದವರಿಗೆ ಉಣ್ಣಿಸಿದ ನೀತಿವಂತರಿಗೆ, ತಾವು ಉಣ್ಣಿಸಿದ್ದು ಕರ್ತನಿಗೇ ಎಂಬುದು ಅಲ್ಲಿ ಗೊತ್ತೇ ಇಲ್ಲ. ಅದರ ಮೇಲೆ ಎಷ್ಟು ಪ್ರಸಂಗ ಮಾಡಿದ್ದೆನೋ! ಒಂದೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಇದನ್ನೆಲ್ಲ ಸಭೆಯ ಕಮಿಟಿಯ ಮುಂದಿಟ್ಟೆ. ಕಾರ್ಯದರ್ಶಿ ದೇವಪ್ರಸಾದ್ ನಿವೃತ್ತ ಹೆಡ್‌ಮಾಸ್ಟರು. "ಚರಿತ್ರೆ ಒಪ್ಪಿದೆ. ಆದ್ರೆ ಆತ ಅವ್ವಂಗೆ ಕೊಟ್ಟ ಮಾತು ಉಳಿಸ್ಕೊಂಡು ಹೋದ್ರು. ಸತ್ತ ಮೇಲೆ ನಾವು ಅವ್ರನ್ನ ಕ್ರೈಸ್ತರು ಮಾಡೋದು ನ್ಯಾಯವಾ?" ಎಂದರು. ಅಷ್ಟು ಪುಸ್ತಕ ತಿರುವಿದರೂ ನನಗೆ ಇದು ಹೊಳೆದಿರಲಿಲ್ಲ. ಕೊನೆಗೆ ಎಲ್ಲರೂ ಒಪ್ಪಿದ್ದು ಹೀಗೆ: ಸಭೆಯ ಸದಸ್ಯರ ದಾಖಲೆಯನ್ನು ಮುಟ್ಟುವುದು ಬೇಡ; ಸಭೆಯವರ ಹೆಸರು ಮುಗಿದ ಮೇಲೆ, ನಾವು ಪ್ರೀತಿಸಿದ ನೆರೆಯವರು ಎಂದು ಹೇಳಿ ಅವರ ಹೆಸರು ಓದುವುದು.

ಶನಿವಾರವೇ ಗುಬ್ಬಿಗೆ ಹೋಗಿ ಕರುಣಮ್ಮನವರಿಗೆ ಇದನ್ನು ತಿಳಿಸಿದೆ. ಆಮೇಲೆ ಹೇಳಿದೆ: "ಅವರು ಎಲ್ಲಿದಾರೆ ಅಂತ ನನಗೆ ಗೊತ್ತಿಲ್ಲಮ್ಮ. ಗೊತ್ತಿರೋ ಹಾಗೆ ಮಾತಾಡಿದ್ದು ನನ್ನ ತಪ್ಪು. ದೇವರು ನನಗಿಂತ ಒಳ್ಳೆಯವನು ಅಂತ ಮಾತ್ರ ಗೊತ್ತು."

"ಇಷ್ಟು ಹೇಳಕ್ಕೆ ಅಷ್ಟೊಂದು ಪುಸ್ತಕ ಬೇಕಾಯ್ತಾ?" ಎಂದು ನಕ್ಕು, ಕಣ್ಣೊರೆಸಿಕೊಂಡು, ಕಾಫಿ ಕೊಟ್ಟರು.

ಮರುದಿನ ಹನುಮಂತಯ್ಯನವರ ಹೆಸರು ಓದಿದೆ. ಕರುಣಮ್ಮ ಎದ್ದರು. ಮಕ್ಕಳಿಲ್ಲದ ಆಕೆ ಒಬ್ಬರೇ ನಿಂತಿದ್ದನ್ನು ನೋಡಲಾಗದೆ ನಾನು ಪೀಠದಿಂದ ಇಳಿದು ಅವರ ಪಕ್ಕ ನಿಂತೆ. ಸ್ವರ್ಗದ ಬಾಗಿಲು ಕಾಯುವ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಕೊಟ್ಟಿದ್ದು ಈ ಕೆಲಸವನ್ನು. ಅದು ತಿಳಿಯುವಷ್ಟರಲ್ಲಿ ನಾನು ಸಭಾಪಾಲಕನಾಗಿ ಹನ್ನೊಂದು ವರ್ಷವಾಗಿತ್ತು.