ರೊಪ್ಪದ ಹುಣಸೆಮರ

ಹುಳಿ ಹತ್ತಿದ ಅಂಬಲಿಯ ವಾಸನೆ ಮರದೊಳಗಿಂದಲೂ ಬರುತ್ತದೆ ಎಂದರೆ ನೀವು ನಂಬುತ್ತೀರೋ ಇಲ್ಲವೋ. ಮೊನ್ನೆ ಚಿತ್ರದುರ್ಗದ ಒಂದು ಮನೆಯಂಗಳದಲ್ಲಿ ಮಾವಿನ ಮರದ ಬುಡಕ್ಕೆ ಮಂಡಿಯೂರಿ, ತೊಗಟೆಯ ಸೀಳಿನಿಂದ ಇಳಿಯುತ್ತಿದ್ದ ಕಂದು ನೀರನ್ನು ಬೆರಳಿಗೆ ಹಚ್ಚಿ ಮೂಸಿದಾಗ ಅದೇ ವಾಸನೆ ಬಂತು. ಕಾಯಿಲೆ ಬಿದ್ದ ಮರಗಳನ್ನು ನೋಡಿ, ಏನಾಗಿದೆ, ಏನು ಮಾಡಬಹುದು ಎಂದು ಹೇಳುವುದು ನನ್ನ ಕೆಲಸ. ಹಿರಿಯೂರು, ಹೊಳಲ್ಕೆರೆ ಕಡೆಯಿಂದಲೂ ಕರೆ ಬರುತ್ತದೆ. ಎಲೆ ಯಾಕೆ ಉದುರುತ್ತದೆ, ತುದಿ ಯಾಕೆ ಒಣಗಿದೆ, ಕಡಿಯಬೇಕೇ ಬಿಡಬೇಕೇ ಎಂದು ಕೇಳುತ್ತಾರೆ. ಆವತ್ತು ಆ ಮನೆಯ ಯಜಮಾನರೂ ಹಿಂದೆ ನಿಂತು, "ಏನ್ ಮೇಡಂ, ಉಳಿತೈತಾ?" ಎಂದು ಕೇಳುತ್ತಲೇ ಇದ್ದರು. ನಾನು ಬೆರಳನ್ನು ಮೂಗಿನ ಹತ್ತಿರವೇ ಹಿಡಿದುಕೊಂಡು ಕೂತಿದ್ದೆ. ಮನಸ್ಸು ಅಲ್ಲಿರಲಿಲ್ಲ. ಈಗ ಎಲ್ಲಿಯೂ ಇಲ್ಲದ ಒಂದು ಮನೆಯ ಹಿತ್ತಲಿಗೆ ಹೋಗಿಬಿಟ್ಟಿತ್ತು.

ನಮ್ಮ ಹಟ್ಟಿ ಇದ್ದದ್ದು ಹೊಸದುರ್ಗದಿಂದ ಸ್ವಲ್ಪ ಆಚೆ, ತೆಂಗಿನ ತೋಟಗಳು ಮುಗಿದು ಒಣ ಹೊಲಗಳು ಶುರುವಾಗುವ ಕಡೆ. ಕುರಿ ಸಾಕುವ ಮನೆ ನಮ್ಮದು. ಮನೆಯ ಹಿತ್ತಲಲ್ಲಿ ಮುಳ್ಳುಬೇಲಿ ಹಾಕಿದ ರೊಪ್ಪ. ಸಂಜೆ ಮೇದು ಬಂದ ಕುರಿಗಳೆಲ್ಲ ಅದರೊಳಗೆ. ರೊಪ್ಪದ ನಟ್ಟನಡುವೆ ಒಂದು ಹುಣಸೆಮರ. ಅದರ ನೆರಳು ಬೆಳಿಗ್ಗೆ ಅಡುಗೆಮನೆಯ ಹೆಂಚಿನ ಮೇಲೆ ಬಿದ್ದು, ಮಧ್ಯಾಹ್ನ ಕುರಿಗಳ ಬೆನ್ನಿಗೆ ಇಳಿದು, ಸಂಜೆ ದಾರಿಯವರೆಗೂ ಚಾಚುತ್ತಿತ್ತು. ಯುಗಾದಿಯ ಆಸುಪಾಸಿನಲ್ಲಿ ಹಳೆ ಎಲೆಯೆಲ್ಲ ಉದುರಿ ಕೆಂಪು ಚಿಗುರು ಬಂದಾಗ ಅವ್ವ ಅದನ್ನು ತರಿದು ಬೇಳೆಯ ಜೊತೆ ಸಾರು ಮಾಡುತ್ತಿದ್ದಳು. ಆ ಹುಳಿಯ ನೆನಪಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ. ಕುರಿಗಳ ಬೆಚ್ಚನೆಯ ಉಸಿರು, ಒದ್ದೆ ಕಂಬಳಿ, ಹಿಕ್ಕೆ, ಹುಣಸೆಹೂವು, ಎಲ್ಲ ಕಲೆತ ಒಂದು ಗಾಳಿ ಆ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಅದಕ್ಕೆ ಹೆಸರಿಡಲು ನನಗೆ ಬರುವುದಿಲ್ಲ. ನಿಮ್ಮ ಬಾಲ್ಯದ ಮನೆಗೂ ಇಂಥದ್ದೊಂದು ಗಾಳಿ ಇದ್ದಿರಬೇಕು. ಮನೆಯ ಗೋಡೆ, ಬಾಗಿಲನ್ನು ಯಾರಾದರೂ ಫೋಟೋ ತೆಗೆದಿಟ್ಟಿರುತ್ತಾರೆ, ಆ ಗಾಳಿಯನ್ನು ಮಾತ್ರ ಯಾರಿಗೂ ತೆಗೆದಿಡಲಾಗುವುದಿಲ್ಲ.

ಆ ಮರ ನನ್ನ ಅತ್ತೆಯದು. ಅತ್ತೆ ಎಂದರೆ ಅಪ್ಪನ ತಂಗಿ, ಕರಿಯಮ್ಮ; ಮನೆಯವರ ಬಾಯಲ್ಲಿ ಕರಿಯವ್ವ. ಹಿರಿಯೂರಿನ ಕಡೆ ಕೊಟ್ಟಿದ್ದರು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ಒಂದು ಟ್ರಂಕು ಹಿಡಿದು ತವರಿಗೆ ಬಂದವಳು. ನಾನು ಹುಟ್ಟುವ ಮೊದಲೇ ಇದೆಲ್ಲ ಆಗಿಹೋಗಿತ್ತು. ಅಜ್ಜ ಸಾಯುವ ಮುಂಚೆ ಮನೆಯವರನ್ನೆಲ್ಲ ಕರೆದು, "ಹುಣಸೆಮರ ಕರಿಯವ್ವಂದು. ಯಾರೂ ಕೇಳಂಗಿಲ್ಲ" ಎಂದು ಹೇಳಿದ್ದನಂತೆ. ಹೊಲ ಕೊಡಲಿಲ್ಲ, ಕುರಿ ಕೊಡಲಿಲ್ಲ, ಮರ ಕೊಟ್ಟ. ಅತ್ತೆಗೆ ಅದೇ ದೊಡ್ಡದಾಗಿತ್ತು. ಹಣ್ಣು ಬಡಿದು ಉದುರಿಸುವ ದಿನ ಸೆರಗು ಬಿಗಿದು ನಿಂತು, "ಮೆತ್ತಗೆ ಬಡೀರಿ, ಎಳೇ ರೆಂಬೆ ಮುರಿಬ್ಯಾಡ್ರಿ" ಎಂದು ಕೂಗುವಾಗ ಅವಳ ದನಿಗೆ ಬೇರೆಯೇ ಗತ್ತು ಬರುತ್ತಿತ್ತು. ಉಳಿದ ದಿನಗಳಲ್ಲಿ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಕುರಿಗಳ ಯಜಮಾನಿಕೆ ದೊಡ್ಡಪ್ಪನದು. ಹೆಸರು ಈರಣ್ಣ. ಎತ್ತರದ ಆಳು, ಮಾತು ಕಡಿಮೆ, ತಂಗಿಯ ಮೇಲೆ ಪ್ರಾಣ. ಸಂತೆಗೆ ಹೋದರೆ ತನ್ನ ಹೆಂಡತಿಗೆ ಬಳೆ ತರುವುದು ಮರೆತರೂ ಕರಿಯವ್ವನಿಗೆ ಎಲೆಅಡಿಕೆ ಮರೆಯುತ್ತಿರಲಿಲ್ಲ. ಆ ಇಬ್ಬರೂ ಒಂದು ಮರದ ವಿಷಯಕ್ಕೆ ಎದುರುಬದುರಾಗಿ ನಿಂತರು ಎನ್ನುವುದನ್ನು ನೆನೆದಾಗ, ಅದು ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತೇನೆ. ಸರಿಯಾಗಿ ಸಿಗುವುದಿಲ್ಲ.

ಒಂದು ವರ್ಷ ಮರ ಎಂದೂ ಇಲ್ಲದಷ್ಟು ಕಾಯಿ ಹಿಡಿಯಿತು. ಕೊಂಬೆಗಳು ಭಾರಕ್ಕೆ ಬಗ್ಗಿ ಕುರಿಗಳ ಬಾಯಿಗೆ ನಿಲುಕುತ್ತಿದ್ದವು. ನಡುಮನೆಯಲ್ಲಿ ಹಣ್ಣಿನ ರಾಶಿ ಬಿದ್ದು ಮಲಗಲು ಜಾಗವಿರಲಿಲ್ಲ. ಅಕ್ಕಪಕ್ಕದ ಹೆಂಗಸರು ಬಂದು ಕೂತು ಸಿಪ್ಪೆ ಬಿಡಿಸುತ್ತ, ಬೀಜ ಕುಟ್ಟುತ್ತ, "ನಿಮ್ಮಪ್ಪ ಮೇಲಿಂದ ನೋಡ್ತಾವ್ನೆ ಕಣೇ ಕರಿಯವ್ವ" ಎಂದರು. ಅತ್ತೆ ನಕ್ಕಳು. ಮನೆಯೆಲ್ಲ ನಕ್ಕಿತು. ಸಾಯಲು ಹೊರಟ ಮರ ಕೆಲವೊಮ್ಮೆ ಹಾಗೆ ಮೈತುಂಬ ಕಾಯಿ ಹಿಡಿಯುತ್ತದೆ ಎಂದು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ಹಾಗಂತ, ಚೆನ್ನಾಗಿರುವ ಮರವೂ ಒಂದೊಂದು ವರ್ಷ ಹಾಗೇ ಹಿಡಿಯುತ್ತದೆ. ಆ ವರ್ಷದ್ದು ಯಾವುದು? ಆ ನಗೆಯನ್ನು ನಾನು ಹೇಗೆ ನೆನಪಿಟ್ಟುಕೊಳ್ಳಬೇಕು?

ಮುಂದಿನ ಬೇಸಿಗೆಯಲ್ಲಿ ತುದಿಯ ಕೊಂಬೆಗಳು ಚಿಗುರಲಿಲ್ಲ. ಬುಡದಿಂದ ಆಳೆತ್ತರದಲ್ಲಿ ತೊಗಟೆ ಸೀಳಿ, ಹುಳಿ ಅಂಬಲಿಯ ವಾಸನೆಯ ಕಂದು ನೀರು ಇಳಿಯತೊಡಗಿತು. ಹಟ್ಟಿಗೆ ಬಂದವರೆಲ್ಲ ಒಂದೊಂದು ಹೇಳಿದರು. ಬಂದಳಿಕೆ ಹತ್ತಿ ಮರದ ರಸ ಹೀರುತ್ತಿದೆ ಎಂದರು; ದೊಡ್ಡಪ್ಪ ಮೇಲೆ ಹತ್ತಿ ಬಂದಳಿಕೆ ಇದ್ದ ರೆಂಬೆಗಳನ್ನು ತರಿದ. ಗೆದ್ದಲು ಎಂದರು, ಬುಡಕ್ಕೆ ಸುಣ್ಣ ಬಳಿದ. ನೀರು ಸಾಲದು ಎಂದರು. ಪಾತಿ ಮಾಡಿ ಕೊಡಗಟ್ಟಲೆ ಸುರಿದ. ನೀರು ಜಾಸ್ತಿಯಾಯಿತು ಎಂದು ಇನ್ನೊಬ್ಬರು ಬೈದರು. ಯಾರದೋ ಮಾತು ಕೇಳಿ ಸೀಳಿಗೆ ಸಿಮೆಂಟು ಮೆತ್ತಿದ. ನೀರು ಸಿಮೆಂಟಿನ ಪಕ್ಕದಿಂದ ಇಳಿಯಿತು. ಹೊಸದುರ್ಗದಿಂದ ತೋಟಗಾರಿಕೆಯವರೊಬ್ಬರು ಬೈಕಿನಲ್ಲಿ ಬಂದು ಸುತ್ತ ನೋಡಿ, ಕುರಿ ಗಂಜಳ ಜಾಸ್ತಿಯಾಗಿ, ತುಳಿದು ತುಳಿದು ನೆಲ ಗಟ್ಟಿಯಾಗಿ ಬೇರಿಗೆ ಉಸಿರಿಲ್ಲದಂತಾಗಿರಬಹುದು ಎಂದರು. ಒಳಗೆ ಟೊಳ್ಳಾಗಿದ್ದರೂ ಇರಬಹುದು, ನೋಡಿಕೊಂಡು ಮಾಡಿ ಎಂದೂ ಹೇಳಿ ಟೀ ಕುಡಿದು ಹೋದರು. ಅವರ ಮೊದಲ ಮಾತು ಅತ್ತೆಗೆ ಹಿಡಿಸಿತು, ಎರಡನೆಯದು ದೊಡ್ಡಪ್ಪನ ತಲೆಯಲ್ಲಿ ಕೂತಿತು. ಅತ್ತೆ ಮಾರನೇ ದಿನವೇ ರೊಪ್ಪದ ಬೇಲಿ ಕಿತ್ತು ಕುರಿಗಳನ್ನು ಬಯಲಿಗೆ ಹಾಕಿಸಿದಳು. ಬುಡಕ್ಕೆ ಏರಿದ್ದ ಹಿಕ್ಕೆ ಗೊಬ್ಬರವನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಸುರಿದಳು. ಹೊಸದಾಗಿ ಕಂಡ ಆ ಬುಡ, ಬಹಳ ದಿನ ಕಟ್ಟಿದ್ದ ಪಟ್ಟಿ ಬಿಚ್ಚಿದ ಕಾಲಿನ ಹಾಗೆ ಬಿಳಿಚಿಕೊಂಡಿತ್ತು.

ಮರ ಸುಧಾರಿಸುತ್ತಿದೆಯೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಕಡೆ ಹೊಸ ಎಲೆ ಬಂದರೆ ಇನ್ನೊಂದು ಕಡೆ ಒಣಗುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ, ಗಾಳಿಯಿಲ್ಲ, ಮಳೆಯಿಲ್ಲ, ಮನೆಯ ಕಡೆ ಚಾಚಿದ್ದ ದೊಡ್ಡ ಕೊಂಬೆ ಲಟ್ಟನೆ ಮುರಿದು ಬಿತ್ತು. ಹುಷಾರಿಲ್ಲವೆಂದು ಅಲ್ಲಿ ಕಟ್ಟಿದ್ದ ಒಂದು ಗಬ್ಬದ ಕುರಿ ಅಡಿಗೆ ಸಿಕ್ಕಿ ಸತ್ತಿತು. ಅದರ ಪಕ್ಕದಲ್ಲೇ ಕಂಬಳಿ ಹಾಸಿ ದೊಡ್ಡಪ್ಪನ ಮಗುವನ್ನು ಮಲಗಿಸಿದ್ದರು. ಅಳುತ್ತದೆಂದು ಅವ್ವ ಆಗಷ್ಟೇ ಅದನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ದೊಡ್ಡಪ್ಪ ಹೊಲದಿಂದ ಓಡಿ ಬಂದು ಕೊಂಬೆಯ ಕೆಳಗೆ ಖಾಲಿ ಕಂಬಳಿಯನ್ನು ನೋಡಿದ. ಮಗು ಒಳಗಿದೆ ಎಂದು ಎಲ್ಲರೂ ಕೂಗಿದರೂ ಅವನ ಕಿವಿಗೆ ಬೀಳಲಿಲ್ಲ, ಎಲೆಗಳನ್ನು ಎರಡೂ ಕೈಯಿಂದ ಬಾಚಿ ಹುಡುಕುತ್ತಲೇ ಇದ್ದ. ಮಗುವನ್ನು ಕೈಗೆ ಕೊಟ್ಟ ಮೇಲೇ ಹುಡುಕುವುದು ನಿಲ್ಲಿಸಿದ.

ಅವತ್ತೇ ಸಂಜೆ, "ಕಡಿಸ್ತೀನಿ" ಎಂದ.

"ಅಪ್ಪ ನಂಗೆ ಕೊಟ್ಟಿದ್ದು" ಎಂದಳು ಅತ್ತೆ.

"ಇಲ್ಲ ಅಂದೋರ್ಯಾರು? ಒಳಗೆ ಕೊಳ್ತೋಗೈತೆ ಕಣೇ. ಇವತ್ತು ಕುರಿ, ನಾಳೆ ಯಾರು?"

"ಗಟ್ಟಿ ಐತಣ್ಣ. ಕೇಳಿ ನೋಡು."

ಅತ್ತೆ ಒನಕೆ ತಂದು ಮರಕ್ಕೆ ಕುಟ್ಟಿದಳು. ದೊಡ್ಡಪ್ಪ ತೊಗಟೆಗೆ ಕಿವಿಯಿಟ್ಟು, "ಡೋಲು ಬಡ್ದಂಗೆ ಕೇಳ್ತೈತೆ, ಟೊಳ್ಳು" ಎಂದ. ಅವನು ಕುಟ್ಟಿದಾಗ ಅತ್ತೆ ಕಿವಿಯಿಟ್ಟು, "ಕಲ್ಲಿನಂಗೈತೆ" ಎಂದಳು. ಇಬ್ಬರೂ ನನ್ನ ಕಡೆ ತಿರುಗಿದರು. "ಬಾರೆ ಪಾಪ, ನೀನೇಳು" ಎಂದಳು ಅತ್ತೆ. ನಾನು ಕಣ್ಣು ಮುಚ್ಚಿ ಕಿವಿಯಿಟ್ಟೆ. ತೊಗಟೆ ಬಿಸಿಲಿಗೆ ಬೆಚ್ಚಗಿತ್ತು. ಒನಕೆ ಬಿದ್ದಾಗ ಒಳಗೆ ಏನೋ ಒಂದು ಸದ್ದು ಆಚೆಯಿಂದ ಈಚೆಗೆ ಬಂತು. ಅದು ಟೊಳ್ಳಿನ ಸದ್ದೋ ಗಟ್ಟಿಯ ಸದ್ದೋ, ಇಲ್ಲಾ ನನ್ನದೇ ಎದೆಯ ಸದ್ದೋ ತಿಳಿಯಲಿಲ್ಲ. "ಗೊತ್ತಾಗವಲ್ದು" ಎಂದೆ. ಈಗ ಅದೇ ಕೆಲಸವನ್ನು ಮರದ ಸುತ್ತಿಗೆ ಹಿಡಿದು ದಿನಾ ಮಾಡುತ್ತೇನೆ. ನಿಜ ಹೇಳಬೇಕೆಂದರೆ, ಈಗಲೂ ಎಷ್ಟೋ ಸಲ ಬಾಯಿಗೆ ಬರುವುದು ಅದೇ ಮಾತು.

ಹೊಳಲ್ಕೆರೆಯಿಂದ ಮರ ಇಳಿಸುವ ಬಾಷಾ ಸಾಬರು ಹಗ್ಗ, ಗರಗಸ, ಜನ ಕಟ್ಟಿಕೊಂಡು ಬಂದರು. ಅತ್ತೆ ಅಡ್ಡ ನಿಲ್ಲಲಿಲ್ಲ. ಮಗುವಿನ ಕಂಬಳಿ ಅವಳ ಕಣ್ಣ ಮುಂದೂ ಇತ್ತೇನೋ. ಒಲೆಯ ಮುಂದೆ ಕೂತೇ ಇದ್ದಳು. ಮೇಲಿನಿಂದ ಒಂದೊಂದೇ ಕೊಂಬೆಗೆ ಹಗ್ಗ ಬಿಗಿದು ಇಳಿಸಿದರು. ಪ್ರತಿ ಕೊಂಬೆ ಇಳಿದಾಗಲೂ ಅಡುಗೆಮನೆಯೊಳಗೆ ಹೊಸ ಬಿಸಿಲು ಬರುತ್ತಿತ್ತು. ಕೊನೆಗೆ ಬರೀ ಕಾಂಡ ಉಳಿಯಿತು. ಬಹಳ ಹೊತ್ತು ಗರಗಸ ಎಳೆದ ಮೇಲೆ, ಸೂರ್ಯ ಇಳಿಯುವ ಮುಂಚೆ ಅದು ಉರುಳಿತು. ನೆಲ ಅದುರಿ, ಬಯಲಿನಲ್ಲಿದ್ದ ಕುರಿಗಳು ಒಟ್ಟಿಗೆ ಕೂಗಿಕೊಂಡವು. ಎಲ್ಲರೂ ಕೊಯ್ದ ಮುಖದ ಹತ್ತಿರ ಹೋದೆವು. ಒಂದು ತೂತಿಲ್ಲ, ಒಂದು ಹುಳವಿಲ್ಲ. ನಡುವಿನವರೆಗೂ ಒತ್ತಾದ, ಕೆಂಗಂದು ಬಣ್ಣದ, ಒದ್ದೆ ಮಿರುಗುವ ಮರ.

"ಬಂಗಾರದಂಗೈತಲ್ರಿ ಈರಣ್ಣ" ಎಂದು ಬಾಷಾ ಸಾಬರು ಅಂಗೈಯಿಂದ ಸವರಿದರು. ಹೇಳಬಾರದಿತ್ತು ಅನ್ನಿಸಿತೋ ಏನೋ, ಮುಖ ಪಕ್ಕಕ್ಕೆ ತಿರುಗಿಸಿದರು.

ದೊಡ್ಡಪ್ಪ ಹತ್ತಿರದಲ್ಲಿದ್ದ ಒಂದು ಕೊಂಬೆಯ ಮೇಲೆ ಕುಸಿದು ಕೂತ. ಕೂತದ್ದು ಯಾವುದರ ಮೇಲೆ ಎಂದು ಗೊತ್ತಾಗಿ ತಟ್ಟನೆ ಎದ್ದ. ಅತ್ತೆ ಬಂದು ನೋಡಿದಳು. ಬೈಯುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ ಎಂದು ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಅವಳು ಒಳಗೆ ಹೋಗಿ ಮಜ್ಜಿಗೆ ತಂದು, "ಎಲ್ಲಾರೂ ಕುಂತ್ಕಳ್ರಿ, ದಣ್ದಿದ್ದೀರ" ಎಂದು ಗರಗಸದವರಿಗೆಲ್ಲ ಕೊಟ್ಟಳು. ಮೊದಲ ಲೋಟ ಅಣ್ಣನ ಕೈಗೆ ಕೊಟ್ಟಳು. ಆ ಮಜ್ಜಿಗೆಯ ಅರ್ಥ ಅವತ್ತು ಆಗಲಿಲ್ಲ.

ಆಮೇಲೆ ಆ ಮನೆ ಮನೆಯಾಗಿ ಉಳಿಯಲಿಲ್ಲ. ನಡುಮನೆಯವರೆಗೂ ಬಿಸಿಲು ನುಗ್ಗುತ್ತಿತ್ತು. ಮಧ್ಯಾಹ್ನ ಯಾರೂ ಹಿತ್ತಲಿಗೆ ಹೋಗುತ್ತಿರಲಿಲ್ಲ. ಅಣ್ಣ ತಂಗಿ ಮಾತು ಬಿಡಲಿಲ್ಲ. ಊಟ, ಕುರಿ, ಸಂತೆ ಎಲ್ಲ ಮಾತಾಡುತ್ತಿದ್ದರು. ಮರದ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ರಸ್ತೆ ಅಗಲವಾಗುವಾಗ ಮನೆ, ರೊಪ್ಪದ ಜಾಗ ಎರಡೂ ಹೋದವು. ನಾವು ಹೊಸದುರ್ಗ ಸೇರಿದೆವು, ಅತ್ತೆ ನಮ್ಮ ಜೊತೆ ಬಂದಳು. ದೊಡ್ಡಪ್ಪ ಕುರಿ ಹೊಡೆದುಕೊಂಡು ತುರುವನೂರಿನ ಕಡೆ, ಹೆಂಡತಿಯ ಊರಿಗೆ ಹೋದ.

ನಾನು ಈ ಕೆಲಸ ಕಲಿತ ಮೇಲೆ ಆ ಮರವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಪರೀಕ್ಷೆ ಮಾಡಿದ್ದೇನೆ. ಹಾಗೆ ನೀರು ಒಸರುವುದರಿಂದ ಎಲ್ಲ ಮರವೂ ಸಾಯುವುದಿಲ್ಲ. ಒಸರುತ್ತಲೇ ಎಷ್ಟೋ ಕಾಲ ಬದುಕುತ್ತವೆ. ಗಟ್ಟಿ ಕೊಂಬೆಯೂ ಕೆಲವೊಮ್ಮೆ ಸುಡುಬೇಸಿಗೆಯಲ್ಲಿ ಸುಮ್ಮನೆ ಮುರಿದು ಬೀಳುತ್ತದೆ. ಹಾಗೆ ನೋಡಿದರೆ ಕಡಿಯಬೇಕಿರಲಿಲ್ಲ. ಕಾಂಡ ಬಂಗಾರದ ಹಾಗಿದ್ದರೂ ನೆಲದೊಳಗೆ ಬೇರು ಸತ್ತಿರುವುದೂ ಉಂಟು. ಹಾಗೆ ನೋಡಿದರೆ ಕಡಿದದ್ದೇ ಸರಿ. ಬೇರು ನೋಡಿದವರಿಲ್ಲ ಎಂದೇ ಅಂದುಕೊಂಡಿದ್ದೆ.

ದೊಡ್ಡಪ್ಪನಿಗೆ ಉಸಿರಿನ ಕಾಯಿಲೆ ಜೋರಾದಾಗ ಕೆಲವು ದಿನ ನಮ್ಮ ಮನೆಯಲ್ಲಿದ್ದ. ಒಂದು ಬೆಳಿಗ್ಗೆ ಅತ್ತೆ ಅವನಿಗೆ ಗಂಜಿ ಕುಡಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅವನು ಚಮಚ ದೂರ ಸರಿಸಿ, "ಕರಿಯವ್ವ, ಆ ಮರ ಬದುಕ್ತಿತ್ತಾ?" ಎಂದ.

ಅತ್ತೆ ಅವನ ಗಲ್ಲ ಒರೆಸಿದಳು. "ಎಲ್ಲಿ ಬದುಕ್ತಿತ್ತಣ್ಣ. ಕಡಿಸಿದ ಮಾರ್ನೆ ದಿನ ನಾನು ಬುಡ ಅಗೆದು ನೋಡಿದ್ದೆ. ಬೇರುಗಳೆಲ್ಲ ಕೊಳ್ತು ಕರ್ರಗಾಗಿದ್ವು. ನಿಂತಿದ್ರೆ ಮನೆ ಮ್ಯಾಲೇ ಬೀಳ್ತಿತ್ತು."

"ಮತ್ತೆ ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ಸಿಟ್ಟಿತ್ತು ಕಣಣ್ಣ. ಗಂಜಿ ಕುಡಿ."

ಅವನು ಬಾಯಿ ತೆರೆದ. ಆ ತಿಂಗಳಲ್ಲೇ ತೀರಿಕೊಂಡ.

ಮರ ಕಡಿಸಿದ ಮಾರನೇ ದಿನ ಅತ್ತೆ ಎಲ್ಲಿದ್ದಳು ಎಂದು ನಾನು ಎಷ್ಟು ನೆನಪು ಮಾಡಿಕೊಂಡರೂ ಆಗುವುದಿಲ್ಲ. ಗುದ್ದಲಿ ಹಿಡಿದದ್ದನ್ನು ನಾನು ಕಂಡಿಲ್ಲ, ಅವ್ವನೂ ಕಂಡಿಲ್ಲವಂತೆ. ಹಾಗಾದರೆ ಸಾಯುವ ಅಣ್ಣನಿಗೆ ಅವಳು ಸುಳ್ಳು ಹೇಳಿದಳೇ? ಇಲ್ಲಾ, ನಿಜವಾಗಿಯೂ ಅಗೆದು ನೋಡಿ, ಅಷ್ಟು ವರ್ಷ ಅವನನ್ನು ಒಳಗೇ ಬೇಯಲು ಬಿಟ್ಟಳೇ? ಎರಡರಲ್ಲಿ ಯಾವ ಅತ್ತೆ ನನ್ನ ಅತ್ತೆ? ಒಂದು ದಿನ ಸೊಪ್ಪು ಬಿಡಿಸುತ್ತ ಕೂತಾಗ ಕೇಳಿಯೇಬಿಟ್ಟೆ: "ಅತ್ತೆ, ಬೇರು ನಿಜವಾಗ್ಲೂ ಕೊಳ್ತಿದ್ವಾ?" ಅವಳು ತಲೆಯೆತ್ತಿ ನೋಡಿದಳು. ವಯಸ್ಸಾಗಿತ್ತು, ಮರೆವು ಆಗಲೇ ಶುರುವಾಗಿತ್ತು. "ಯಾವ ಮರದ್ದು ಪಾಪ?" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಅವಳೂ ಹೋಗಿ ಈಗ ಕೆಲವು ವರ್ಷಗಳಾದವು. ಹೊಸದುರ್ಗದ ಬಸ್ಸಿನಲ್ಲಿ ಹೋಗುವಾಗ ನಮ್ಮ ಹಟ್ಟಿ ಇದ್ದ ಕಡೆ ಬಂದಾಗ ಕಿಟಕಿಯಿಂದ ಕೆಳಗೆ ನೋಡುತ್ತೇನೆ. ಡಾಂಬರು ಓಡುತ್ತಿರುತ್ತದೆ, ನನ್ನ ಪಕ್ಕದಲ್ಲಿ ಕೂತವರು ತೂಕಡಿಸುತ್ತಿರುತ್ತಾರೆ. ಬೇರುಗಳು ಅದರಡಿ ಎಲ್ಲೋ ಇರಬಹುದು. ಮಣ್ಣಾಗಿಯೂ ಇರಬಹುದು.